ತೂಕ ತಪ್ಪದ ಸೀಸೆ

ಮೂರನೇ ಸಲವೂ ಅದೇ ಅಂಕಿ ಬಂತು. ಕಿತ್ತಳೆ ರಸಕ್ಕೆ ಯಾರೋ ನೀರು ಬೆರೆಸಿದ್ದಾರೆ.

ಪ್ರಯೋಗಾಲಯದಲ್ಲಿ ಎಲ್ಲರೂ ಯಂತ್ರದಕ್ಕ ಎಂದು ಕರೆಯುವ ಆಕೆ ಹಣೆ ಒತ್ತಿಕೊಂಡಳು. ಮಾಸ್ ಸ್ಪೆಕ್ಟ್ರೋಮೀಟರಿನ ಎದುರು ಕೂತು ಇವತ್ತಿಗೆ ಮೂರು ದಿನ. ಹೊರಗಿನ ಬೆಂಚಿನಲ್ಲಿ ತೋಟದೊಡತಿ ಕೂತೂ ಮೂರು ದಿನ. ನಾಲ್ಕು ಗಂಟೆಗೆ ವರದಿ ಹೋದರೆ ಅವಳ ರಸದ ಘಟಕಕ್ಕೆ ಬೀಗ.

"ಹಾಕಿಲ್ಲ ಅಂದ್ರೆ ಹಾಕಿಲ್ಲ," ಅಂದಳು ತೋಟದೊಡತಿ ಬಾಗಿಲಿನಿಂದಲೇ. "ಹಣ್ಣು ಹಿಂಡಿದೋಳು ನಾನು. ನಿಮ್ಮ ಪೆಟ್ಟಿಗೆ ಬಂದು ಹಿಂಡಿತ್ತಾ?"

ಯಂತ್ರದಕ್ಕನ ಲೆಕ್ಕ ಬೇರೆ. ನೀರಿನ ಕಣಗಳಲ್ಲಿ ಹಗುರದವೂ ಉಂಟು, ತುಸು ಭಾರದವೂ ಉಂಟು. ಬಿಸಿಲಿಗೆ ಎಲೆಯಿಂದ ಹಗುರದ್ದು ಮೊದಲು ಹಾರುತ್ತದೆ. ಭಾರದ್ದು ಉಳಿದು ಹಣ್ಣು ಸೇರುತ್ತದೆ. ಹಾಗಾಗಿ ಹಣ್ಣಿನ ನೀರು ನಲ್ಲಿ ನೀರಿಗಿಂತ ಕೂದಲೆಳೆಯಷ್ಟು ಭಾರ. ಯಂತ್ರ ಅಳೆಯುವುದು ಆ ಕೂದಲೆಳೆಯನ್ನೇ. ರಸ ಹಗುರ ಬಂತೆಂದರೆ ನಲ್ಲಿ ತಿರುಗಿಸಿದ್ದಾರೆ ಎಂದೇ ಲೆಕ್ಕ.

ಆದರೆ ಪ್ರಯೋಗಾಲಯದ ಹತ್ತು ದಿನದ ರಜೆ ಮುಗಿದ ಮೇಲೆ ಬಂದ ರಸವೆಲ್ಲ ಹಗುರವೇ. ಬೇರೆ ಇಬ್ಬರ ಘಟಕಕ್ಕೆ ಆಗಲೇ ಬೀಗ ಬಿದ್ದಿತ್ತು. ಎಲ್ಲರೂ ಒಟ್ಟಿಗೇ ಕೆಟ್ಟುಹೋದರೇ?

* * *

ಪಂಪು ಬಿಚ್ಚಿದಳು. ಸರಿಯಿತ್ತು. ಕೊಳವೆಯ ಕೀಲುಗಳನ್ನು ಒಂದೊಂದಾಗಿ ತಡವಿದಳು. ಎಲ್ಲೂ ಸೋರಿಲ್ಲ. ಮಾದರಿ ತಂದ ಡ್ರೈವರನ್ನು ಕರೆಸಿದಳು.

"ಸೀಲು ನೋಡಿ ಅಕ್ಕಾ. ನನ್ನ ಮುಖ ಯಾಕೆ ನೋಡ್ತೀರಿ?"

ಸೀಲು ಒಡೆದಿರಲಿಲ್ಲ. ರೋಸಿಹೋಗಿ, ಕೈ ತೊಳೆಯುವ ನಲ್ಲಿಯ ನೀರನ್ನೇ ಯಂತ್ರಕ್ಕೆ ಕೊಟ್ಟಳು. ವರ್ಷಗಳಿಂದ ಕದಲದ ಅಂಕಿ ಅದು. ಈಗ ಅದೂ ಹಗುರ.

ನಲ್ಲಿ ನೀರಿಗೇ ಯಾರಾದರೂ ನೀರು ಬೆರೆಸುತ್ತಾರಾ? ಅವಳಿಗೆ ನಗುವೂ ಬಂತು, ಅಳುವೂ ಬಂತು. ರಸದಲ್ಲಲ್ಲ ದೋಷ. ಅಳೆಯುವ ಕೋಲೇ ಡೊಂಕು.

* * *

ಆ ಕೋಲು ಅಂದರೆ ಒಂದು ಗಾಜಿನ ಸೀಸೆ. ಒಳಗೆ ಭಾರ ಎಷ್ಟೆಂದು ಗೊತ್ತುಮಾಡಿಟ್ಟ ಮಾನಕ ನೀರು. ಪ್ರತಿ ಮಾದರಿಯನ್ನೂ ಅದಕ್ಕೇ ಹೋಲಿಸುವುದು. ಅದನ್ನು ಕಾಯುವವರು ಹಿರಿಯ ಸಹಾಯಕ, ಅಡ್ಡಹೆಸರು ಮಿಲಿಗ್ರಾಂ. ಮುಚ್ಚುವಾಗ ತೂಗಿ ಬರೆಯುತ್ತಾರೆ, ಮತ್ತೆ ತೆರೆಯುವಾಗ ತೂಗಿ ಬರೆಯುತ್ತಾರೆ.

"ಪುಸ್ತಕ ಬೇಕಾದ್ರೆ ನೋಡಿಕೋ ತಂಗೀ. ಒಂದು ಹನಿ ಆಚೀಚೆ ಆಗಿಲ್ಲ," ಅಂದರು.

ಆಕೆ ಪುಟ ತಿರುವಿದಳು. ಪ್ರತಿ ಸಲವೂ ಎರಡೋ ಮೂರೋ ಮಿಲಿಗ್ರಾಂ ಕಡಿಮೆ. ಎಷ್ಟು ಬಿಗಿ ಮುಚ್ಚಿದರೂ ಅಷ್ಟು ಆರಿಯೇ ಆರುತ್ತದೆ. ಹತ್ತು ದಿನದ ರಜೆ ಮುಗಿದ ಬೆಳಿಗ್ಗೆ ಮಾತ್ರ ಕೊನೆಯ ಅಂಕಿಯವರೆಗೂ ಸರಿಸಮ.

"ಹತ್ತು ದಿನದಲ್ಲಿ ಏನೂ ಆರಲೇ ಇಲ್ವಾ ಅಣ್ಣಾ?"

ಮಿಲಿಗ್ರಾಂ ಕನ್ನಡಕ ಒರೆಸತೊಡಗಿದರು.

* * *

ಬಾಯಿ ಕರಗಿಸಿ ಮುಚ್ಚಿದ ಗಾಜಿನ ಕೊಳವೆಯೊಂದು ಬೀರುವಿನಲ್ಲಿತ್ತು. ಮೂಲ ಮಾನಕ, ವರ್ಷಕ್ಕೊಮ್ಮೆ ಒಡೆಯುವಂಥದ್ದು. ಆಕೆ ನಿರ್ದೇಶಕರಿಗೆ ಫೋನು ಮಾಡಿದಳು. "ಒಡೀತಿದ್ದೀನಿ ಸಾರ್. ಬೈಯೋದಾದ್ರೆ ನಾಲ್ಕು ಗಂಟೆ ಮೇಲೆ ಬೈಯಿರಿ."

ಅದಕ್ಕೆ ಹೋಲಿಸಿದಾಗ ಸೀಸೆಯ ನೀರು ಅದರ ಮೇಲಿನ ಚೀಟಿಯಲ್ಲಿ ಬರೆದದ್ದಕ್ಕಿಂತ ಭಾರ ಬಂತು. ಕೋಲು ಭಾರವಾದರೆ ಅಳೆದದ್ದೆಲ್ಲ ಹಗುರವೇ.

"ಮುಚ್ಚಳ ಬಿಗಿ ಮಾಡೋದು ಮರೆತಿದ್ರಿ," ಅಂದಳು. "ಎಲೆಯಲ್ಲಿ ಆಗೋದೇ ಸೀಸೆಯಲ್ಲೂ ಆಯ್ತು. ಹಗುರದ್ದು ಹಾರಿತು, ಭಾರದ್ದು ಉಳೀತು. ಕಡಿಮೆಯಾದಷ್ಟು ಬಟ್ಟಿ ಇಳಿಸಿದ ನೀರು ಸುರಿದು ತೂಕ ಸರಿ ಮಾಡಿದ್ರಿ. ತೂಕ ಬಂತು. ಹಾರಿದ ನೀರು ಬರಲಿಲ್ಲ."

"ಬೆರಳಗಲ ಇಳಿದಿತ್ತು," ಅಂದರು ಮಿಲಿಗ್ರಾಂ ನೆಲ ನೋಡುತ್ತ. "ಹದಿನೆಂಟು ವರ್ಷದ ಪುಸ್ತಕ, ತಂಗೀ. ಒಂದು ಕಾಟು ಗೀಟು ಇರಲಿಲ್ಲ."

"ಈಗ ಹಾಕಿ. ಬೀಗ ಬಿದ್ದ ಇಬ್ಬರಿಗೂ ನೀವೇ ಫೋನು ಮಾಡಿ."

* * *

ರಸವನ್ನು ಮೂಲ ಮಾನಕಕ್ಕೆ ಹೋಲಿಸಿ ಮತ್ತೆ ಅಳೆದು, ಮೂರೂ ಐವತ್ತಕ್ಕೆ ಆಕೆ ಹೊರಬಂದಳು. "ನಿಮ್ಮ ರಸದಲ್ಲಿ ಹೊರಗಿನ ನೀರಿಲ್ಲ."

ತೋಟದೊಡತಿ ಕೂತಲ್ಲಿಂದ ಏಳಲಿಲ್ಲ.

"ಮೂರು ದಿನದಿಂದ ನಾನು ಇನ್ನೇನು ಹೇಳ್ತಿದ್ದೆ? ಕಾಗದದಲ್ಲಿ ಬರೆದುಕೊಡಿ ತಾಯಿ. ನನ್ನ ಬಾಯಿ ಇಲ್ಲಿ ಯಾರಿಗೂ ಸಾಲಲಿಲ್ಲ."