ಭಾಗವ್ವನ ಎಡಗೈ

ಬಾಯಿಗಿಟ್ಟ ಗಂಜಿಯನ್ನು ಭಾಗವ್ವ ಥೂ ಎಂದು ಉಗುಳಿಬಿಟ್ಟಳು. ಚಮಚ ಹಿಡಿದು ಬಾಗಿದ ಸೊಸೆ ವಿನೋದಿನಿಯ ಸೆರಗು ಸರಿದಿತ್ತು. ಅವಳ ಕೊರಳಲ್ಲಿ ಇಷ್ಟಲಿಂಗದ ಬೆಳ್ಳಿ ಕರಡಿಗೆ... ಅದೂ ಅರವತ್ತು ವರ್ಷ ತನ್ನ ಎದೆ ಬಿಟ್ಟು ಕದಲದ ತನ್ನದೇ ಕರಡಿಗೆ!

“ತಾಳಿ ಕಟ್ಟಿಸ್ಕೊಂಡು ನನ್ನ ಮಗನ್ನ ನುಂಗಿದಿ. ಈಗ ನನ್ನ ಲಿಂಗ ಕಟ್ಕೊಂಡು ನನ್ನ ನುಂಗಾಕ ಬಂದಿ ಏನ?”

ಲಕ್ವ ಹೊಡೆದು ಬಾಯಿ ಸೊಟ್ಟಗಾಗಿದ್ದರೂ ಮಾತಿನ ಮೊನೆ ಮೊಂಡಾಗಿರಲಿಲ್ಲ. ಕುರ್ಲಾದ ಆ ಚಾಳಿನ ಒಂದೇ ಖೋಲಿಯಲ್ಲಿ ಹನ್ನೊಂದು ವರ್ಷದಿಂದ ಇದೇ ಹಾಡು. ವಿಜಯಪುರದ ಕಡೆಯ ಲಿಂಗವಂತರ ಮನೆ. ಮಗ ಗುರುಪಾದ ಮೆಚ್ಚಿ ಕಟ್ಟಿಕೊಂಡದ್ದು ಮಾಟುಂಗದ ಹೋಟೆಲಿನಲ್ಲಿ ಹಿಟ್ಟು ರುಬ್ಬುವ ಕಾರ್ಕಳದವಳನ್ನು. ಅವಳ ಕೈಯ ನೀರನ್ನು ಭಾಗವ್ವ ಒಂದು ದಿನವೂ ಮುಟ್ಟಲಿಲ್ಲ. ಮೂರು ವರ್ಷದ ಹಿಂದೆ ಗುರುಪಾದ ಲೋಕಲ್ ರೈಲಿನಿಂದ ಬಿದ್ದು ಸತ್ತ ಮೇಲಂತೂ ಕೇಳುವುದೇ ಬೇಡ. ತವರಿಗೆ ಹೋಗು ಎಂದವರೇ ಎಲ್ಲ. ಮುದುಕಿಯನ್ನು ಒಂಟಿ ಬಿಟ್ಟು ಹೋಗಲು ಇವಳಿಗೆ ಮನಸ್ಸಾಗಲಿಲ್ಲ. ಗಂಡನನ್ನು ಕರೆದುಕೊಂಡು ನನ್ನನ್ನು ಯಾಕಪ್ಪಾ ಉಳಿಸಿದೆ ಎಂದು ದಿನವೂ ದೇವರನ್ನು ಕೇಳುತ್ತಿದ್ದಳು. ಅತ್ತೆಗೊಂದು ಕಾಲ, ಸೊಸೆಗೊಂದು ಕಾಲ ಅನ್ನುತ್ತಾರೆ. ಈ ಮನೆಯಲ್ಲಿ ಇಬ್ಬರಿಗೂ ಬಂದದ್ದು ಕೆಟ್ಟ ಕಾಲವೇ.

ಸಯನ್‌ನ ಆಸ್ಪತ್ರೆಯಲ್ಲಿ ಸ್ಕ್ಯಾನಿಗೆ ಒಯ್ಯುವಾಗ ನರ್ಸ್ ಕರಡಿಗೆ ಬಿಚ್ಚಿ ಇವಳ ಕೈಗಿತ್ತಿದ್ದಳು. ಲಿಂಗ ನೆಲ ಮುಟ್ಟಬಾರದು, ಮೈ ಬಿಟ್ಟಿರಬಾರದು ಎಂದು ಅತ್ತೆಯ ಬಾಯಲ್ಲೇ ಸಾವಿರ ಸಲ ಕೇಳಿದವಳು ಹೆದರಿ ತನ್ನ ಕೊರಳಿಗೆ ಕಟ್ಟಿಕೊಂಡಳು. ಒಬ್ಬರ ಲಿಂಗ ಇನ್ನೊಬ್ಬರ ಕೊರಳೇರಬಾರದು ಎಂದು ಪಾಪ, ಅವಳಿಗೆ ಯಾರೂ ಹೇಳಿರಲಿಲ್ಲ. ಅತ್ತೆ ಅರೆಪ್ರಜ್ಞೆಯಲ್ಲಿ ಸಲೈನಿನ ಮೇಲೆ ನಾಲ್ಕು ದಿನ ಕಳೆದು ಮನೆಗೆ ಬಂದ ಗಡಿಬಿಡಿಯಲ್ಲಿ ಬಿಚ್ಚಿಕೊಡುವುದೂ ಮರೆತಿತ್ತು.

ಕರಡಿಗೆಯನ್ನು ಕಿತ್ತುಕೊಂಡ ಭಾಗವ್ವ ಅನ್ನ ನೀರು ಬಿಟ್ಟಳು. ಪೂಜೆಯಿಲ್ಲದೆ ತುತ್ತಿಲ್ಲ. ಪೂಜೆಗೆ ಲಿಂಗ ಎಡ ಅಂಗೈಯಲ್ಲಿ ಕೂರಬೇಕು, ಅವಳ ಎಡಗೈಯೋ ಸತ್ತುಬಿದ್ದಿತ್ತು. ರೋಗಿಗೆ ನೇಮವಿಲ್ಲ, ಸುಮ್ಮನೆ ಉಣ್ಣವ್ವಾ ಎಂದು ಚಾಳಿನ ಹಿರಿಯ ಸಿದ್ದಲಿಂಗಪ್ಪ ಬಂದು ಬೇಡಿಕೊಂಡರೂ ಗೋಡೆಗೆ ಮುಖ ತಿರುಗಿಸಿದಳು.

ಮೂರನೆಯ ಬೆಳಿಗ್ಗೆ ತಾನೇ ಬಲಗೈಯಿಂದ ಲಿಂಗವನ್ನು ಎಡಗೈ ಮೇಲಿಡಲು ಹೋದಳು. ಅದು ಜಾರಿತು. ನೆಲಕ್ಕೆ ಬೀಳುವ ಮೊದಲೇ ಅದನ್ನು ವಿನೋದಿನಿ ಹಿಡಿದುಕೊಂಡು, ಅತ್ತೆಯ ಸತ್ತ ಕೈಯ ಕೆಳಗೆ ತನ್ನ ಕೈ ಕೊಟ್ಟು ಮೆಲ್ಲಗೆ ಲಿಂಗವನ್ನು ಕೂರಿಸಿದಳು. ಅವಳ ಕಣ್ಣೀರು ಧಾರೆಯಾಗಿ ಹರಿಯುತ್ತಿತ್ತು.

“ಅತ್ತೆ, ಮೈ ಬಿಟ್ಟಿರಬಾರದು ಅಂತ ನೀವೇ ಹೇಳ್ತಿದ್ರಿ. ನನ್ನ ಹತ್ರ ಇದ್ದದ್ದು ಇದೊಂದೇ ಮೈ. ಆ ಪಾಪ ನನಗೇ ಇರಲಿ. ಆದ್ರೆ ಅವರು ಹೋದ ಮೇಲೆ ದೇವರು ನನ್ನನ್ನು ಯಾಕೆ ಉಳಿಸಿದ ಅಂತ ಈಗ ಗೊತ್ತಾಯ್ತು. ನಿಮ್ಮ ಕೈಗೆ ಒಂದು ಕೈ ಆಸರೆ ಬೇಕಿತ್ತು...”

ಭಾಗವ್ವ ಆ ಎರಡು ಕೈಗಳನ್ನೇ ನೋಡಿದಳು. ಆಮೇಲೆ ಬಲಗೈ ಬೆರಳಿನಿಂದ ವಿಭೂತಿ ಹಚ್ಚಿದಳು, ಪತ್ರೆ ಏರಿಸಿದಳು. ಪೂಜೆ ಮುಗಿದ ಮೇಲೆ ಒಣಗಿದ ತುಟಿ ಬಿಚ್ಚಿತು.

“ನೀರ ಕೊಡವ್ವಾ.”

ಹನ್ನೊಂದು ವರ್ಷದ ಮೇಲೆ! ವಿನೋದಿನಿ ಲೋಟ ಹಿಡಿದೇ ಬಿಕ್ಕಿಬಿಕ್ಕಿ ಅತ್ತಳು. ಆದರೆ ಸೋತ ದೇಹ ಮತ್ತೆ ಏಳಲಿಲ್ಲ. ಎರಡು ದಿನ ಸೊಸೆಯ ಕೈಯಿಂದ ಗುಟುಕು ಗುಟುಕು ಗಂಜಿ ಕುಡಿದು ಮೂರನೆಯ ದಿನ ಭಾಗವ್ವ ಕಣ್ಣು ಮುಚ್ಚಿದಳು.

ಪದ್ಧತಿಯಂತೆ ಅವಳನ್ನು ಗೋಡೆಗೊರಗಿಸಿ ಕೂರಿಸಿದರು. ಲಿಂಗದ ಜೊತೆಯಲ್ಲೇ ಮಣ್ಣಾಗಬೇಕು. ಸಿದ್ದಲಿಂಗಪ್ಪ ಎಷ್ಟು ಸಲ ಇಟ್ಟರೂ ಎಡಗೈ ಹಿಡಿಯಲಿಲ್ಲ. ಲಿಂಗವಿಲ್ಲದವಳೆಂದು ಬಾಗಿಲ ಹೊರಗೆ ನಿಂತಿದ್ದ ವಿನೋದಿನಿ ಒಳಗೆ ಬಂದಳು.

“ಸ್ವಲ್ಪ ಬಿಡಿ, ಅಣ್ಣ. ಆ ಕೈ ಹಿಡಿಯುವುದು ನನಗೆ ಗೊತ್ತುಂಟು.”

ಸಿದ್ದಲಿಂಗಪ್ಪ ಪಕ್ಕಕ್ಕೆ ಸರಿದು ಜಾಗ ಬಿಟ್ಟರು. ಅವಳು ಅಂಗೈಯ ಕೆಳಗೆ ಅಂಗೈ ಕೊಟ್ಟು, ಬೆರಳುಗಳನ್ನು ಒಂದೊಂದಾಗಿ ಲಿಂಗದ ಸುತ್ತ ಮಡಚಿ ದಾರದಿಂದ ಕಟ್ಟಿದಳು. ಹೊರುವವರು ಎತ್ತಿದಾಗ ಕೈ ಹಿಂದಕ್ಕೆ ತೆಗೆದುಕೊಂಡಳು. ಆ ಕೈಗೆ ದೇವರು ವಹಿಸಿದ ಕೆಲಸ ಮುಗಿದಿತ್ತು.