ಬಾನೆಟ್ ಮೇಲಿನ ಬೆಕ್ಕು

ಎಂಬತ್ನಾಲ್ಕರ ಚಳಿಗಾಲ. ಜಗಳೂರಿನಲ್ಲಿ ನಾನು ಡೀಸೆಲ್ ಕಾರೊಂದನ್ನು ಬಾಡಿಗೆಗೆ ಓಡಿಸುತ್ತಿದ್ದೆ. ದಿಬ್ಬ ಬಂದರೆ ಸಾಕು, ಅದು ಮುಕ್ಕರಿಯುತ್ತಿತ್ತು. ಗ್ಯಾರೇಜು ಇಟ್ಟಿದ್ದ ನನ್ನ ಹೆಂಡತಿಯ ತಮ್ಮ ಕೊಟ್ರಬಸಪ್ಪ ಗುಜರಿಯಿಂದ ಒಂದು ಟರ್ಬೊ ತಂದು ಕೂರಿಸಿದ.

"ಹೊರಗೆ ಹೋಗೋ ಹೊಗೇನೇ ಇದರ ಚಕ್ರ ತಿರುಗಿಸಿ ಇಂಜಿನ್ನಿಗೆ ಗಾಳಿ ತುಂಬತೈತೆ ಭಾವ" ಎಂದ.

ಪಿಕಪ್ ನಿಜಕ್ಕೂ ಬದಲಾಯಿತು. ತುಳಿದರೆ ಸಣ್ಣಗೆ ಶಿಳ್ಳೆ ಹಾಕಿ ಗಾಡಿ ಮುಂದಕ್ಕೆ ನೆಗೆಯುತ್ತಿತ್ತು.

ಮಾರನೆಯ ಬೆಳಿಗ್ಗೆ ನಮ್ಮ ಬೆಕ್ಕು ಬಾನೆಟ್ ಮೇಲೆ ಮಲಗಿತ್ತು. ಮುಟ್ಟಿದೆ, ತಗಡು ಬೆಚ್ಚಗಿತ್ತು. ರಾತ್ರಿ ನಾನು ಗಾಡಿ ತೆಗೆದಿರಲಿಲ್ಲ. ಇನ್ನೊಂದು ಕೀ ಇದ್ದದ್ದು ಕೊಟ್ರಬಸಪ್ಪನ ಹತ್ತಿರ.

"ಕೇಳ್ದೆ ಯಾಕೆ ಒಯ್ತೀಯಪ್ಪ?" ಎಂದೆ.

"ನಾನು ಮುಟ್ಟಿಲ್ಲ ಭಾವ. ಬೇಕಿದ್ರೆ ಕೀ ನೀವೇ ಇಟ್ಕಳ್ರಿ."

ಇಸಿದುಕೊಂಡೆ. ಮರುದಿನವೂ ಬೆಕ್ಕು ಅಲ್ಲೇ. ಟ್ಯಾಂಕಿಗೆ ಕಡ್ಡಿ ಇಳಿಸಿ ನೋಡಿದರೆ ಡೀಸೆಲ್ ಕಡಿಮೆಯಾಗಿರಲಿಲ್ಲ. ಆದರೂ ನನಗೆ ಅವನ ಮೇಲೇ ಗುಮಾನಿ. ಬ್ಯಾಟರಿಯನ್ನೇ ಬಿಚ್ಚಿ ಮಂಚದ ಕೆಳಗಿಟ್ಟುಕೊಂಡೆ.

"ನನ್ನ ತಮ್ಮನ್ನ ಕಳ್ಳ ಮಾಡಾಕೆ ಇದೊಂದು ಬಾಕಿ ಇತ್ತೇನ್ರಿ" ಎಂದು ಹೆಂಡತಿ ಶಿವಗಂಗಮ್ಮ ಮಾತು ಬಿಟ್ಟಳು.

ಬೆಳಿಗ್ಗೆ ಬಾನೆಟ್ ಇನ್ನಷ್ಟು ಬಿಸಿಯಾಗಿತ್ತು. ಕೊಟ್ರಬಸಪ್ಪನನ್ನು ಕರೆಸಿದೆ. ಅವನು ಬಾನೆಟ್ ಎತ್ತಿ, ಟರ್ಬೊ ಮೇಲೆ ಕೈಯಿಟ್ಟು, ತಟ್ಟನೆ ಹಿಂದೆಗೆದ. ನನ್ನ ಮುಖ ನೋಡದೆ ಸ್ಪ್ಯಾನರ್ ತೆಗೆದುಕೊಂಡ.

ಬಿಚ್ಚಿದ ಟರ್ಬೊವನ್ನು ಗೋಣಿಚೀಲದಲ್ಲಿ ಸುತ್ತಿ ನಮ್ಮ ಅಟ್ಟಕ್ಕೆ ಹಾಕಿದೆವು. ಗಾಡಿ ಮತ್ತೆ ದಿಬ್ಬದಲ್ಲಿ ಮುಕ್ಕರಿಯತೊಡಗಿತು, ಬೆಳಿಗ್ಗೆ ತಣ್ಣಗಿರುತ್ತಿತ್ತು. ಬೆಕ್ಕು ಅದರ ಹತ್ತಿರ ಸುಳಿಯಲಿಲ್ಲ; ಅಟ್ಟ ಹತ್ತಿ ಆ ಚೀಲದ ಮೇಲೆ ಮಲಗುತ್ತಿತ್ತು.

ಒಂದು ದಿನ ಶಿವಗಂಗಮ್ಮ ಬೆಕ್ಕನ್ನು ಎತ್ತಿಕೊಂಡು ಬಂದು ನನ್ನ ಮುಂದೆ ಹಿಡಿದಳು. ಅದರ ಹೊಟ್ಟೆಯ ಕೂದಲು ಸೀದಿತ್ತು.