ಮಂಚದ ಕೆಳಗಿನ ಹುಣಸೆ ಚಿಗುರು

"ಮೆಣಸಿನಕಾಯಿ ಬಿಸಿಲಲ್ಲಿ, ಸಂಡಿಗೆ ಬಿಸಿಲಲ್ಲಿ. ಇದೊಂದು ಮಾತ್ರ ಯಾಕೆ ಮಂಚದ ಕೆಳ್ಗೆ?"

ಎಂದುಕೊಳ್ಳುತ್ತಾ ಕವನಾ ಬಗ್ಗಿ ನೋಡಿದಳು. ಅಜ್ಜಿಯ ಹಳೇ ಸೀರೆಯ ಮೇಲೆ ಹುಣಸೆ ಚಿಗುರು ಹರಡಿತ್ತು. ಮುಟ್ಟಿದರೆ ಇನ್ನೂ ಮೆತ್ತಗಿತ್ತು. ಕೇಳೋಣವೆಂದರೆ ಅಜ್ಜಿ ಮುದ್ದಮ್ಮ ಹೊಲಕ್ಕೆ ಹೋಗಿದ್ದಳು.

ಸಂಜೆ ಬಸ್ಸಿಗೆ ಅರಕಲಗೂಡಿನಿಂದ ರಂಜಿನಿ ಅತ್ತೆ ಬರುತ್ತಾಳೆ. ಅತ್ತೆಯ ಹೊಟ್ಟೆಯಲ್ಲಿ ಪಾಪು ಇದೆ. ಏನು ತಿಂದರೂ ವಾಂತಿ. "ಅವ್ವಾ, ನಿನ್ನ ಚಿಗುರು ಸಾರಿದ್ರೆ ಒಂದ್ ತುತ್ತು ಅನ್ನ ಉಣ್ಬೋದು ಕಣವ್ವ" ಎಂದು ಫೋನಿನಲ್ಲಿ ಅತ್ತಿದ್ದಳು. ಅದಕ್ಕೇ ಅಜ್ಜಿ ಚಿಗುರನ್ನು ಒಣಗಿಸಿ, ಪುಡಿ ಮಾಡಿ, ಅತ್ತೆಗೆ ಡಬ್ಬಿಯಲ್ಲಿ ಕಟ್ಟಿಕೊಡಬೇಕೆಂದಿದ್ದಳು.

ಹೀಗೆ ಮೆತ್ತಗಿದ್ದರೆ ಪುಡಿಯಾಗುವುದು ಯಾವಾಗ? ಪಾಪ, ಅಜ್ಜಿಗೆ ವಯಸ್ಸಾಯಿತು, ಬಿಸಿಲಿಗೆ ಹಾಕುವುದನ್ನೇ ಮರೆತಿದ್ದಾಳೆ!

ಕವನಾ ಸೀರೆಯನ್ನು ಗಂಟು ಕಟ್ಟಿ, ತಾರಸಿಗೆ ಹೊತ್ತೊಯ್ದು, ಮೆಣಸಿನಕಾಯಿ ಪಕ್ಕದಲ್ಲೇ ಚಿಗುರು ಹರಡಿದಳು. ತಾನೆಷ್ಟು ಜಾಣೆ ಎಂದು ಅವಳಿಗೇ ಖುಷಿಯಾಯಿತು.

ಮಧ್ಯಾಹ್ನ ಅಜ್ಜಿ ಬರುವಷ್ಟರಲ್ಲಿ ಚಿಗುರು ಗರಿಗರಿಯಾಗಿತ್ತು. ಆದರೆ ಹಸಿರೆಲ್ಲ ಹೋಗಿ ಒಣಹುಲ್ಲಿನ ಬಣ್ಣ ಬಂದಿತ್ತು.

ಅಜ್ಜಿ ಚಿಟಿಕೆಯಷ್ಟು ಬಾಯಿಗೆ ಹಾಕಿಕೊಂಡಳು. ಬೈಯಲಿಲ್ಲ.

"ತಿಂದ್ ನೋಡು."

ಕವನಾ ತಿಂದಳು. ಹುಳಿಯೂ ಇಲ್ಲ, ಘಮವೂ ಇಲ್ಲ. ಅವಳಿಗೆ ಒಂದೂ ಅರ್ಥವಾಗಲಿಲ್ಲ.

"ಮೆಣಸಿನಕಾಯಿ ಕೆಡಲ್ವಲ್ಲಜ್ಜಿ? ಇದ್ಯಾಕೆ ಕೆಡ್ತು?"

"ಮೆಣಸಿನಕಾಯ್ಗೆ ತೊಗ್ಲೈತೆ. ಇದು ಎಳೇದು ಕಣವ್ವ, ಬಿಸ್ಲು ತಡ್ಯಾಕಿಲ್ಲ. ನೆಳ್ಳಲ್ಲೇ ಒಣುಗ್ಬೇಕು."

"ಮತ್ತೆ ಕಿತ್ಕೊಂಡ್ ಬರಾಣ!"

"ಎಲ್ಲೈತೆ? ಎಲೆಯೆಲ್ಲ ಬಲ್ತೋಗವೆ."

ಕವನಾಗೆ ಅಳು ಬಂತು. ಒಳ್ಳೆಯದು ಮಾಡೋಕೆ ಹೋದದ್ದು ಹೀಗ್ಯಾಕಾಯಿತು? ಅಜ್ಜಿ ಬೈದಿದ್ದರೂ ವಾಸಿಯಿತ್ತು. ಈಗ ಅತ್ತೆ ಏನು ಉಣ್ಣುತ್ತಾಳೆ?

ಮೂಗು ಒರೆಸಿಕೊಳ್ಳುವಾಗ ಥಟ್ಟನೆ ನೆನಪಾಯಿತು.

"ಅಜ್ಜೀ! ಬೂವನಹಳ್ಳಿ ರೋಡಲ್ಲಿ ಕರೆಂಟ್ ವೈರಿಗೆ ತಾಗುತ್ತೆ ಅಂತ ಹುಣಸೆ ಕೊಂಬೆ ಕಡ್ದಿದ್ರಲ್ಲ? ಕಡ್ದಿದ್ದ ಜಾಗದಲ್ಲಿ ಕೆಂಪ್ಗೆ ಚಿಗುರು ಬಂದೈತೆ. ಸ್ಕೂಲಿಂದ ಬರ್ತಾ ನೋಡಿದ್ದೆ!"

"ನಿಜ್ವಾ? ನಡಿ ಮತ್ತೆ!"

ನಿಜಕ್ಕೂ ಇತ್ತು. ಇಬ್ಬರೂ ಮಡಿಲ ತುಂಬ ಕಿತ್ತು ತಂದರು.

ಅತ್ತೆ ಬಸ್ಸಿಳಿದು ಬಂದಾಗ ಮನೆಯೆಲ್ಲ ಸಾರಿನ ಘಮ. ಅವಳು ಎರಡು ಸಲ ಅನ್ನ ಹಾಕಿಸಿಕೊಂಡಳು. ವಾಂತಿಯಾಗಬಹುದೆಂದು ಕವನಾ ಅವಳ ಮುಖವನ್ನೇ ನೋಡುತ್ತಾ ಕೂತಿದ್ದಳು. ಆಗಲಿಲ್ಲ.

"ನಾಳೇನೇ ವಾಪಸ್ ಓಗ್ತೀಯಾ ಅತ್ತೆ? ಪುಡಿ ಇನ್ನೂ ಆಗಿಲ್ಲ. ನಾನೇ ಕೆಡಿಸ್ಬುಟ್ಟೆ."

"ಒಣುಗೋ ತಂಕ ಇರ್ತೀನಿ ಬಿಡೇ. ಒಳ್ಳೇದೇ ಆಯ್ತು" ಎಂದು ಅತ್ತೆ ನಕ್ಕಳು.

ಉಳಿದ ಚಿಗುರನ್ನು ಕವನಾ ತಾನೇ ಮಂಚದ ಕೆಳಗೆ ತೆಳ್ಳಗೆ ಹರಡಿದಳು.

ಬೆಳಿಗ್ಗೆ ಎದ್ದು ಮೊದಲು ಅಲ್ಲಿಗೇ ಓಡಿದಳು. ಕಿಟಕಿಯಿಂದ ಬಂದ ಬಿಸಿಲು ಸೀರೆಯ ಅಂಚಿಗೆ ತಾಗುತ್ತಿತ್ತು. ಮೆಲ್ಲಗೆ ಸೀರೆಯನ್ನು ಒಳಕ್ಕೆ ಎಳೆದಳು. ತಲೆ ಎತ್ತಿದರೆ, ಮಂಚದ ಮೇಲೆ ಅತ್ತೆ ಗಾಢ ನಿದ್ದೆಯಲ್ಲಿದ್ದಳು. ಅವಳ ಹೊಟ್ಟೆಯ ಮೇಲೂ ಬಿಸಿಲು ಬಿದ್ದಿತ್ತು.

ಕವನಾ ಒಂದು ಕ್ಷಣ ನಿಂತು ನೋಡಿದಳು. ಆಮೇಲೆ ಸದ್ದಾಗದಂತೆ ಕಿಟಕಿ ಮುಚ್ಚಿದಳು.